ಪಲ್ಲವಿಯಿಲ್ಲದ ಹಾಡಿನ ಗುಂಗು

ಎಲ್‌ಸಿಡಿ ಸೌಂಡ್‌ಸಿಸ್ಟಮ್ ತಂಡದ 'ಆಲ್ ಮೈ ಫ್ರೆಂಡ್ಸ್' ಹಾಡಿನಲ್ಲಿ ಮೊದಲು ಕೇಳಿಸುವುದು ಒಂದು ಪಿಯಾನೊ. ನುಡಿಸುತ್ತಿರುವ ಕೈ ಪಳಗಿದ ಪಿಯಾನೊವಾದಕರದಲ್ಲ ಎಂಬುದು ನಾಲ್ಕು ಬಡಿತದೊಳಗೆ ತಿಳಿದುಬಿಡುತ್ತದೆ. ಎರಡು ಕೈಗಳೂ ಒಂದೇ ಸ್ವರಗುಚ್ಛವನ್ನು ಬಿಡದೆ ಕುಟ್ಟುತ್ತಿವೆ. ಇಬ್ಬರು ಒಂದೇ ಒರಳಿಗೆ ಒನಕೆ ಹಾಕುವಾಗ ಒಬ್ಬರ ಪೆಟ್ಟು ಕೂದಲೆಳೆಯಷ್ಟು ಮೊದಲೇ ಬಿದ್ದರೆ ಹೇಗೋ ಹಾಗೆ ಎಡಗೈಗೂ ಬಲಗೈಗೂ ಸಣ್ಣದೊಂದು ತಿಕ್ಕಾಟ ನಡೆದೇ ಇದೆ. ತಾಳ ಎಲ್ಲಿಂದ ಎತ್ತಿಕೊಂಡಿತು, ಸಮ ಎಲ್ಲಿ ಬಿತ್ತು ಎಂದು ಕಿವಿ ಹುಡುಕುತ್ತದೆ. ಸಿಗುವುದಿಲ್ಲ. ಆಮೇಲೆ ಡ್ರಮ್ ಬರುತ್ತದೆ. ಆಗ ಕೇಳುವವರ ಪಾದ ತನ್ನ ಎಣಿಕೆಯನ್ನು ತಿದ್ದಿಕೊಳ್ಳುತ್ತದೆ, ಪಿಯಾನೊ ಮಾತ್ರ ತಿದ್ದಿಕೊಳ್ಳುವುದಿಲ್ಲ. ಹಾಡಿನ ಉದ್ದ 7 ನಿಮಿಷ 37 ಸೆಕೆಂಡು. ಅಷ್ಟು ಹೊತ್ತೂ ಅದು ಅದೇ ಜಾಗವನ್ನು ಅದೇ ಒರಟುತನದಿಂದ ಕುಟ್ಟುತ್ತಲೇ ಇರುತ್ತದೆ.

ಈ ಹಾಡಿಗೆ ಮರುಳಾದವರಲ್ಲಿ ನಾನೂ ಒಬ್ಬ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಡಿನ ಮೇಲೆ ಮೋಹ ಹುಟ್ಟಿದವರು ಮಾಡುವ ಕೆಲಸಗಳೆಲ್ಲ ಪ್ರೇಮದಲ್ಲಿ ಬಿದ್ದವರು ಮಾಡುವಂಥವೇ. ಮುಗಿದ ಕೂಡಲೇ ಮತ್ತೆ ಹಾಕುವುದು, ಮನೆಗೆ ಬಂದವರನ್ನು ಕೂರಿಸಿ ಕೇಳಿಸುವುದು, ಕೇಳುವಾಗ ಅವರ ಮುಖವನ್ನೇ ನೋಡುತ್ತಿರುವುದು, ಅವರಿಗೆ ಅಷ್ಟಾಗಿ ಹಿಡಿಸಲಿಲ್ಲವೆಂದರೆ ಅವರ ಅಭಿರುಚಿಯ ಬಗ್ಗೆಯೇ ಒಳಗೊಳಗೆ ಅನುಮಾನ ಪಡುವುದು. ವಿಮರ್ಶೆ ಬೆಳೆಯಲು ಇದು ಹದವಾದ ನೆಲವಲ್ಲ, ನಿಜ. ಆದರೆ ಮೋಹವಿಲ್ಲದವರು ಒಂದು ಹಾಡನ್ನು ಇಷ್ಟು ಹತ್ತಿರದಿಂದ ಕೇಳುವುದಾದರೂ ಉಂಟೆ? ಗಿಟಾರು ಯಾವ ಗಳಿಗೆಯಲ್ಲಿ ನುಸುಳಿತು, ಹಾಡುವವನ ಉಸಿರು ಎಲ್ಲಿ ಕಟ್ಟಿತು ಎಂಬುದೆಲ್ಲ ಗೊತ್ತಿರುವುದು ಮರುಳರಿಗೇ. ನನ್ನ ತಕರಾರು ಬೇರೆಯದು. ಮರುಳಾದವರು ಹಾಡಿನ ಒಂದು ಗುಣಕ್ಕೆ ಸೋತು, ಹೊಗಳಿಕೆಯನ್ನು ಇನ್ನೊಂದು ಗುಣದ ಖಾತೆಗೆ ಜಮಾ ಮಾಡುತ್ತಾರೆ. 'ಆಲ್ ಮೈ ಫ್ರೆಂಡ್ಸ್' ವಿಷಯದಲ್ಲಿ ಹೀಗೇ ಆಗಿದೆ. ಮಧ್ಯವಯಸ್ಸಿನ ಹಳಹಳಿಕೆಯನ್ನು ಇಷ್ಟು ಚೆನ್ನಾಗಿ ಹೇಳಿದ ಮಾತುಗಳಿಲ್ಲ ಎಂದು ಅದರ ಸಾಹಿತ್ಯವನ್ನು ಕೊಂಡಾಡುತ್ತಾರೆ. ನನ್ನ ಕಿವಿಗೆ ಹಾಡಿನ ಸತ್ಯವೆಲ್ಲ ಪಿಯಾನೊದಲ್ಲಿದೆ, ಮಾತುಗಳು ಅದರ ಸಾಲದಲ್ಲಿ ಬದುಕುತ್ತಿವೆ.

ಹಾಡಿನ ಹಿಂದಿರುವವರು ಜೇಮ್ಸ್ ಮರ್ಫಿ. 1970ರಲ್ಲಿ ಹುಟ್ಟಿ ನ್ಯೂಜೆರ್ಸಿಯಲ್ಲಿ ಬೆಳೆದವರು. ಹೆಸರು ಮಾಡದ ಪಂಕ್ ತಂಡಗಳಲ್ಲಿ ನುಡಿಸುತ್ತ, ಬೇರೆಯವರ ಕಛೇರಿಗಳಿಗೆ ಸೌಂಡ್ ಎಂಜಿನಿಯರ್ ಆಗಿ ದುಡಿಯುತ್ತ ಮೂವತ್ತು ದಾಟಿದವರು. 2001ರಲ್ಲಿ ಟಿಮ್ ಗೋಲ್ಡ್ಸ್‌ವರ್ದಿ ಮತ್ತು ಜೊನಾಥನ್ ಗಾಲ್ಕಿನ್ ಜೊತೆ ನ್ಯೂಯಾರ್ಕಿನಲ್ಲಿ ಡಿಎಫ್‌ಎ ಎಂಬ ಧ್ವನಿಮುದ್ರಣ ಸಂಸ್ಥೆ ಕಟ್ಟಿದರು. ಗಿಟಾರು ತಂಡಗಳ ಹುಡುಗರು ಕೈಕಟ್ಟಿ ನಿಂತು ಸಂಗೀತ ಕೇಳುತ್ತಿದ್ದ ಊರಿನಲ್ಲಿ ಅವರನ್ನು ಕುಣಿಸುವುದೇ ಈ ಸಂಸ್ಥೆಯ ಕಸುಬಾಯಿತು. 2002ರಲ್ಲಿ ಬಂದ ಮರ್ಫಿಯ ಮೊದಲ ಹಾಡು 'ಲೂಸಿಂಗ್ ಮೈ ಎಡ್ಜ್' ಒಂದು ಒಳ್ಳೆಯ ವಿಡಂಬನೆ. ತನಗಿಂತ ಕಿರಿಯರು ತನಗಿಂತ ಹೆಚ್ಚು ರೆಕಾರ್ಡುಗಳನ್ನು ಕೇಳಿದ್ದಾರೆ ಎಂದು ಬೆವರುವ ಹಿರಿಯ ಡಿಜೆಯೊಬ್ಬನ ಬಡಬಡಿಕೆ ಅದು. ಸಂಗೀತದ ಜ್ಞಾನವನ್ನೇ ಯೌವನವೆಂದು ನಂಬಿಕೊಂಡವನ ಗೋಳು. ನಗುತ್ತಾ ಬರೆದ ಆ ಹಾಡಿನಲ್ಲಿದ್ದ ದಿಗಿಲು ಐದು ವರ್ಷಗಳ ನಂತರ ನಗುವನ್ನು ಕಳಚಿಟ್ಟು ಬಂದರೆ ಹೇಗಿರುತ್ತದೋ ಅದೇ 'ಆಲ್ ಮೈ ಫ್ರೆಂಡ್ಸ್'.

2007ರ ಮಾರ್ಚ್‌ನಲ್ಲಿ ಹೊರಬಂದ 'ಸೌಂಡ್ ಆಫ್ ಸಿಲ್ವರ್' ಆಲ್ಬಮ್ಮಿನಲ್ಲಿ ಈ ಹಾಡಿದೆ. ಮ್ಯಾಸಚೂಸೆಟ್ಸ್‌ನ ಲಾಂಗ್ ವ್ಯೂ ಫಾರ್ಮ್ ಎಂಬ ತೋಟದ ಸ್ಟುಡಿಯೊದ ಗೋಡೆಗಳಿಗೆಲ್ಲ ಬೆಳ್ಳಿಬಣ್ಣದ ಬಟ್ಟೆ, ತಗಡುಹಾಳೆ ಹೊದಿಸಿ ಆಲ್ಬಮ್ಮನ್ನು ಮುದ್ರಿಸಿದರು. ಇಂಡೀ ಎಂಬ ಹಣೆಪಟ್ಟಿ ಈ ಹಾಡಿಗೆ ಅಂಟಿಕೊಂಡಿದೆ. ಆದರೆ ಡಿಎಫ್‌ಎ ಜೊತೆಗೂಡಿ ಇದನ್ನು ಮಾರುಕಟ್ಟೆಗೆ ತಂದಿದ್ದು ಇಎಂಐ ಬಳಗ, ಅಮೆರಿಕದಲ್ಲಿ ಅದರದೇ ಕ್ಯಾಪಿಟಲ್. ಬೀಟಲ್ಸ್ ಹಾಡುಗಳನ್ನು ಮಾರಿದ ಕಂಪನಿ! 2007ರ ಹೊತ್ತಿಗೆ ಇಂಡೀ ಎಂದರೆ ವ್ಯಾಪಾರದ ರೀತಿಯಾಗಿ ಉಳಿದಿರಲಿಲ್ಲ, ಅದೊಂದು ಧ್ವನಿಯ ಚಹರೆ, ನಯಗೊಳಿಸದೆ ಬಿಡುವ ಒಂದು ಧೋರಣೆ. ಆ ಧೋರಣೆಯೂ ಎಷ್ಟೋ ಸಲ ನಟನೆಯೇ. ದುಬಾರಿ ಸ್ಟುಡಿಯೊದಲ್ಲಿ ಕೂತು ಬೇಕೆಂದೇ ಬಿರುಕು ಬಿಟ್ಟ ಹಾಡುಗಳು ರಾಶಿ ಬಿದ್ದಿವೆ. ಇಲ್ಲಿನ ಪಿಯಾನೊದ ಬಿರುಕು ಆ ಜಾತಿಯದಲ್ಲ ಎಂದು ನಾನು ವಾದಿಸುತ್ತೇನೆ. ಏಕೆಂದರೆ ಆ ಬಿರುಕನ್ನು ತೆಗೆದರೆ ಹಾಡೇ ಉಳಿಯುವುದಿಲ್ಲ.

ಕಂಪ್ಯೂಟರಿನಲ್ಲಿ ಎರಡು ಗುಂಡಿ ಒತ್ತಿದರೆ ಪ್ರತಿ ಪೆಟ್ಟೂ ಗೆರೆ ಎಳೆದ ಜಾಗಕ್ಕೇ ಹೋಗಿ ಕೂರುತ್ತದೆ. 2007ರಲ್ಲಿಯೂ ಆ ಸೌಕರ್ಯವಿತ್ತು, ಮರ್ಫಿಯ ಕೈಗೆಟಕುವಂತೆಯೇ ಇತ್ತು. ಕುಣಿತದ ಸಂಗೀತದ ನಿಯಮವೇ ಅದು: ಬಡಿತ ಅಲುಗಬಾರದು. ನಿಮಿಷಕ್ಕೆ ಸುಮಾರು 140 ಬಡಿತದ ಈ ಹಾಡಿನಲ್ಲಿ ಡ್ರಮ್ಮು ಆ ನಿಯಮವನ್ನು ಶಿಸ್ತಾಗಿ ಪಾಲಿಸುತ್ತದೆ, ಪಿಯಾನೊ ಪಾಲಿಸುವುದಿಲ್ಲ. ಎರಡೂ ಹೊರಟಿದ್ದು ಒಂದೇ ಕಡೆಗೆ, ಜೊತೆ ಮಾತ್ರ ಪೂರ್ತಿ ಕೂಡುವುದಿಲ್ಲ. ಕಾಲ ತನ್ನ ಪಾಡಿಗೆ ಸರಿಯಾಗಿ ನಡೆಯುತ್ತಿದೆ, ಮನುಷ್ಯ ಅದರೊಂದಿಗೆ ಹೆಜ್ಜೆ ಹಾಕಲು ಹೋಗಿ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಬೀಳುತ್ತಿದ್ದಾನೆ. ಹಾಡು ಮುಂದೆ ಮಾತಿನಲ್ಲಿ ಹೇಳಲಿರುವುದನ್ನೆಲ್ಲ ಈ ಎರಡು ವಾದ್ಯಗಳು ಮೊದಲ ನಿಮಿಷದಲ್ಲಿಯೇ ಹೇಳಿ ಮುಗಿಸಿವೆ.

ಕಟ್ಟೋಣದ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಿಯಾನೊ, ಡ್ರಮ್ಮು, ಆಮೇಲೆ ಬೇಸ್ ಗಿಟಾರು. ಒಂದು ನಿಮಿಷ ದಾಟಿದರೂ ಹಾಡುವವನ ಬಾಯಿ ತೆರೆಯುವುದಿಲ್ಲ. ಬೇಸ್ ಎರಡೇ ನೆಲೆಗಳ ನಡುವೆ ಹೋಗಿಬಂದು ಮಾಡುತ್ತದೆ, ಮೇಲಿನ ಪಿಯಾನೊ ಜಾಗ ಬಿಟ್ಟು ಕದಲುವುದಿಲ್ಲ. ಆದರೂ ಬೇಸ್ ಸರಿದಾಗಲೆಲ್ಲ ಪಿಯಾನೊವೇ ಬಣ್ಣ ಬದಲಿಸಿದಂತೆ ಕೇಳಿಸುತ್ತದೆ. ಸಣ್ಣ ಕೈಚಳಕ, ಆದರೆ ಹಾಡಿನ ಭಾವದ ಏರಿಳಿತವೆಲ್ಲ ಬಹುಪಾಲು ಇದರಿಂದಲೇ ಬಂದದ್ದು. ಮುಂದೆ ಗಿಟಾರು ಸೇರುತ್ತದೆ. ಮ್ಯಾಂಚೆಸ್ಟರಿನ ಜಾಯ್ ಡಿವಿಷನ್, ನ್ಯೂ ಆರ್ಡರ್ ತಂಡಗಳನ್ನು ಕೇಳಿದವರಿಗೆ ಆ ಗಿಟಾರಿನ ನೆಂಟಸ್ತಿಕೆ ತಕ್ಷಣ ಗೊತ್ತಾಗುತ್ತದೆ, ಮರ್ಫಿ ಅದನ್ನು ಮುಚ್ಚಿಡಲು ಹೋಗಿಲ್ಲ. ಇನ್ನೂ ಮುಂದೆ ಸಿಂಥಸೈಜರು. ಬಂದದ್ದು ಯಾವುದೂ ವಾಪಸು ಹೋಗುವುದಿಲ್ಲ. ಪದರದ ಮೇಲೆ ಪದರ ಬೀಳುತ್ತಲೇ ಇರುತ್ತದೆ.

ಪಲ್ಲವಿ ಎಂಬುದೇ ಇಲ್ಲ. ಇದು ಹಾಡಿನ ಎರಡನೆಯ ಧೈರ್ಯ. ಪಲ್ಲವಿ, ಅನುಪಲ್ಲವಿ, ಚರಣಗಳ ಲೆಕ್ಕದಲ್ಲಿ ಬೆಳೆದ ನಮ್ಮ ಕಿವಿಗೂ, ವರ್ಸ್ ಮತ್ತು ಕೋರಸ್ ಲೆಕ್ಕದಲ್ಲಿ ಬೆಳೆದ ಅವರ ಕಿವಿಗೂ ಒಂದು ನಿರೀಕ್ಷೆ ಸಮಾನ: ಹಾಡು ಆಗಾಗ ಮನೆಗೆ ಮರಳಬೇಕು. ಇಲ್ಲಿ ಚರಣದ ಹಿಂದೆ ಚರಣ ಬರುತ್ತದೆ, ಮನೆ ಬರುವುದಿಲ್ಲ. ಇನ್ನೇನು ಪಲ್ಲವಿ ಬಂತು ಎನ್ನುವ ಕಡೆ ಇನ್ನೊಂದು ಪದರ ಬಂದು ಬೀಳುತ್ತದೆ, ಕಾತರ ಇನ್ನಷ್ಟು ಗಟ್ಟಿಯಾಗುತ್ತದೆ. ಗುಂಗಿನ ಗುಟ್ಟು ಇರುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ನಾಲಿಗೆಗೆ ಸುಲಭವಾಗಿ ಸಿಕ್ಕುವ ಪಲ್ಲವಿಯಿರುವ ಹಾಡು ವಾರದೊಳಗೆ ಸವೆಯುತ್ತದೆ. ಕೊಡುತ್ತೇನೆಂದು ಕೈ ಚಾಚಿ ಕೊಡದೆ ಉಳಿಸಿಕೊಳ್ಳುವ ಹಾಡು ಮತ್ತೆ ಮತ್ತೆ ಕರೆಸಿಕೊಳ್ಳುತ್ತದೆ.

ಈ ಕುಟ್ಟುವ ಪಿಯಾನೊಗೆ ಒಂದು ವಂಶಾವಳಿ ಇದೆ. 1964ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಟೆರಿ ರೈಲಿ 'ಇನ್ ಸಿ' ಎಂಬ ಕೃತಿ ರಚಿಸಿದರು. 53 ತುಣುಕು ಸ್ವರಪಂಕ್ತಿಗಳನ್ನು ವಾದಕರು ತಮತಮಗೆ ಬೇಕಾದಷ್ಟು ಸಲ ನುಡಿಸಿ ಮುಂದೆ ಸಾಗುವ ರಚನೆ ಅದು. ಎಲ್ಲರೂ ದಾರಿ ತಪ್ಪಬಾರದೆಂದು ಒಬ್ಬರು ಪಿಯಾನೊದ ಮೇಲಿನ ಒಂದೇ ಸ್ವರವನ್ನು ಉದ್ದಕ್ಕೂ ಬಡಿಯುತ್ತಿರಬೇಕು. ಆ ಉಪಾಯ ಸೂಚಿಸಿದ್ದು ಸ್ಟೀವ್ ರೈಕ್. ಮುಂದೆ ರೈಕ್ ಒಂದೇ ಸ್ವರವಿನ್ಯಾಸವನ್ನು ಎರಡು ಪಿಯಾನೊಗಳಲ್ಲಿ ನುಡಿಸಿ, ಒಂದನ್ನು ನಿಧಾನವಾಗಿ ಇನ್ನೊಂದರಿಂದ ಜಾರಿಸಿ 1967ರಲ್ಲಿ 'ಪಿಯಾನೊ ಫೇಸ್' ರಚಿಸಿದರು. ಮರ್ಫಿಯ ಎರಡು ಕೈಗಳ ತಿಕ್ಕಾಟ ಕೇಳಿದವರೆಲ್ಲ ರೈಕ್ ಹೆಸರು ಎತ್ತುವುದು ಇದಕ್ಕೇ. ಇನ್ನೊಂದು ಕವಲು ರಾಕ್ ಸಂಗೀತದೊಳಗಿನದು. ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಜಾನ್ ಕೇಲ್ 1967ರ ಮೊದಲ ಆಲ್ಬಮ್ಮಿನಲ್ಲಿ ಪಿಯಾನೊವನ್ನು ಸುತ್ತಿಗೆಯಂತೆ ಬಳಸಿದರು. ಎರಡು ವರ್ಷದ ನಂತರ ದಿ ಸ್ಟೂಜಸ್ ತಂಡದ ಮೊದಲ ಆಲ್ಬಮ್ಮನ್ನು ನಿರ್ಮಿಸುವಾಗ ಅದರ ಪ್ರಸಿದ್ಧ ಹಾಡಿಗೆ ಒಂದೇ ಸ್ವರವನ್ನು ಕೊನೆಯವರೆಗೂ ಕುಟ್ಟಿ ಇಟ್ಟರು.

ಈ ಕೇಲ್ ರಾಕ್‌ಗೆ ಬರುವ ಮೊದಲು ನ್ಯೂಯಾರ್ಕಿನಲ್ಲಿ ಲಾ ಮಾಂಟೆ ಯಂಗ್ ಅವರ ಮೇಳದಲ್ಲಿದ್ದವರು. ಒಂದೇ ಶ್ರುತಿಯನ್ನು ಗಂಟೆಗಟ್ಟಲೆ ಹಿಡಿದು ನಿಲ್ಲುವುದೇ ಆ ಮೇಳದ ಸಾಧನೆ. ಯಂಗ್‌ಗೆ ಅದರ ರುಚಿ ಹತ್ತಿದ್ದರಲ್ಲಿ ಹಿಂದೂಸ್ತಾನಿ ಸಂಗೀತದ ಪಾಲು ದೊಡ್ಡದು. 1970ರಲ್ಲಿ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರು ಅಮೆರಿಕಕ್ಕೆ ಹೋದಾಗ ಯಂಗ್, ಅವರ ಹಿಂದೆಯೇ ಟೆರಿ ರೈಲಿ ಶಿಷ್ಯರಾದರು. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನ್. ಅದೇ ಘರಾಣೆಯ ಇನ್ನೊಂದು ಕೊಂಬೆ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಭೀಮಸೇನ ಜೋಶಿ ಮತ್ತು ಗಂಗೂಬಾಯಿ ಹಾನಗಲ್ ಅವರಿಗೆ ಇಳಿದಿದ್ದು ನಮಗೆ ಗೊತ್ತಿರುವ ಕಥೆ. ಕೇಲ್ ಆ ಮೇಳ ಬಿಟ್ಟಿದ್ದು ಪ್ರಾಣನಾಥರು ಬರುವುದಕ್ಕೆ ಮೊದಲೇ, ಹಾಗಾಗಿ ಮರ್ಫಿಯ ಪಿಯಾನೊವನ್ನು ಕುಂದಗೋಳದ ಮೊಮ್ಮಗ ಎಂದು ಹೇಳಿಕೊಂಡು ತಿರುಗಬೇಕಾಗಿಲ್ಲ. ದೂರದ ದಾಯಾದಿ ಎನ್ನಬಹುದು, ಅಷ್ಟೆ. ಆದರೆ ಒಂದು ಸ್ವರದ ಬಳಿ ಅಲುಗದೆ ಕೂತರೆ ಅದರೊಳಗಿಂದ ಏನಾದರೂ ತೆರೆದುಕೊಳ್ಳುತ್ತದೆ ಎಂಬ ನಂಬಿಕೆ ಎರಡೂ ಕಡೆ ಇದೆ. ಬಡಾ ಖಯಾಲಿನ ಮೊದಲ ಇಪ್ಪತ್ತು ನಿಮಿಷ ತಾಳ್ಮೆಯಿಂದ ಕೂತು ಅಭ್ಯಾಸವಿರುವ ಧಾರವಾಡದ ಕೇಳುಗರಿಗೆ ಈ ಹಾಡಿನ ಮೊದಲ ನಿಮಿಷ ಉದ್ದವೆನಿಸುವ ಸಂಭವ ಕಡಿಮೆ.

ಇನ್ನು ಮಾತುಗಳು. ಹಾಡಿನ ನಾಯಕ ಊರೂರು ತಿರುಗಿ ಕಛೇರಿ ಕೊಡುವ ಸಂಗೀತಗಾರ, ವಯಸ್ಸಾಗುತ್ತಿದೆ. ರಾತ್ರಿಯ ಮೋಜು ಬೆಳಗಿನವರೆಗೆ ಎಳೆಯುತ್ತದೆ, ಮೊದಲಿನ ಹಾಗೆ ಮೈ ಕೇಳುವುದಿಲ್ಲ. ಬದುಕಿನ ವರ್ಷಗಳನ್ನು ಐದೈದರ ಕಂತಿನಲ್ಲಿ ಲೆಕ್ಕ ಹಾಕುತ್ತಾನೆ. ಪಿಂಕ್ ಫ್ಲಾಯ್ಡ್‌ನ 1968ರ ಹಾಡೊಂದರ ಹೆಸರು ತೂರಿ ಬರುತ್ತದೆ, ಅದೇ ಅವನ ವಯಸ್ಸಿನ ಗುರುತಿನಚೀಟಿ. ಮಾಡಿದ ಹುಚ್ಚಾಟಗಳ ಬಗ್ಗೆ ಪಶ್ಚಾತ್ತಾಪವಿಲ್ಲ ಎನ್ನುತ್ತಾನೆ, ಆ ದನಿಯಲ್ಲಿ ಪಶ್ಚಾತ್ತಾಪವೇ ತುಂಬಿರುತ್ತದೆ. ಕೊನೆಗೆ ಉಳಿಯುವುದು ಗೆಳೆಯರೆಲ್ಲ ಈ ರಾತ್ರಿ ಎಲ್ಲಿದ್ದಾರೆ ಎಂಬ ಕೇಳಿಕೆ, ಅವರನ್ನು ಒಮ್ಮೆ ಕಾಣಬೇಕೆಂಬ ಆಸೆ. ಅದನ್ನೇ ಹಿಡಿದು, ಗಂಟಲು ಮೇಲಕ್ಕೇರಿಸಿ, ಬಹುತೇಕ ಕೂಗುತ್ತ ಹಾಡು ಮುಗಿಯುತ್ತದೆ.

ಮರ್ಫಿಗೆ ಗಾಯಕನ ಕಂಠವಿಲ್ಲ, ಅದು ಇಲ್ಲಿ ಲಾಭವೇ. ಮೊದಲ ಚರಣಗಳನ್ನು ಅವರು ಹಾಡುವುದಕ್ಕಿಂತ ಒಪ್ಪಿಸುತ್ತಾರೆ ಎನ್ನಬೇಕು. ಸಪ್ಪೆ, ಒಣ, ಸ್ವಲ್ಪ ಅವಸರದ ದನಿ. ಅಂಥ ದನಿ ಕೊನೆಯಲ್ಲಿ ತನ್ನ ಮಿತಿಯನ್ನು ಮೀರಿ ಮೇಲಕ್ಕೆ ಹಾರಲು ಹೋಗಿ ಒಡೆಯುವಾಗ ನಮಗೆ ಏನೋ ಆಗುತ್ತದೆ. ತಯಾರಾದ ಕಂಠ ಅದೇ ಸ್ವರವನ್ನು ಸಲೀಸಾಗಿ ಮುಟ್ಟಿಬಿಡುತ್ತಿತ್ತು, ಹಾಡು ಸತ್ತೇ ಹೋಗುತ್ತಿತ್ತು.

ಆದರೆ ಮೋಹದ ಕನ್ನಡಕ ತೆಗೆದಿಟ್ಟು ಸಾಹಿತ್ಯವನ್ನಷ್ಟೇ ಓದಿದರೆ ಅಲ್ಲೊಂದು ಬಡತನ ಕಾಣುತ್ತದೆ. ಇಡೀ ಹಾಡು ಗೆಳೆಯರಿಗಾಗಿ ಹಂಬಲಿಸುತ್ತದೆ, ಹಾಡಿನೊಳಗೆ ಒಬ್ಬ ಗೆಳೆಯನೂ ಇಲ್ಲ. ಹೆಸರಿಲ್ಲ, ಮುಖವಿಲ್ಲ, ಆಡಿದ ಒಂದು ಮಾತಿಲ್ಲ, ಜಗಳವಿಲ್ಲ, ತೀರಿಸದ ಸಾಲವಿಲ್ಲ. ಗೆಳೆಯರು ಎಂಬ ಬಹುವಚನ ಮಾತ್ರ ಇದೆ. ಅವರು ಯಾಕೆ ದೂರವಾದರು? ನಾಯಕ ಊರು ಬಿಟ್ಟು ತಿರುಗುತ್ತಿದ್ದಾಗ ಅವರ ಮನೆಗಳಲ್ಲಿ ಏನಾಯಿತು? ಯಾರಾದರೂ ಕಾಯಿಲೆ ಬಿದ್ದರೇ, ಯಾರಿಗಾದರೂ ಕೆಲಸ ಹೋಯಿತೇ? ಹಾಡಿಗೆ ಆ ಕುತೂಹಲವಿಲ್ಲ. ಅದಕ್ಕೆ ಬೇಕಾದದ್ದು ಗೆಳೆಯರು ತನ್ನ ಸುತ್ತ ನೆರೆದ ದೃಶ್ಯ, ಅಂದರೆ ಒಂದು ಬಗೆಯ ಸಭಿಕರು. ವಿಮಾನ ಹತ್ತಿ ಊರೂರು ಸುತ್ತಿ ಮೆರೆಯುವ ಭಾಗ್ಯ ಸಿಕ್ಕವನ ಒಂಟಿತನಕ್ಕೆ ನಾವು ಕಣ್ಣೀರು ಹಾಕಬೇಕೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಮೂವತ್ತೇಳರ ವಯಸ್ಸಿಗೆ ಮುದುಕನಾದೆನೆಂದು ಗೋಳಾಡುವುದು ಪಾಪ್ ಸಂಗೀತದ ಲೋಕದಲ್ಲಷ್ಟೇ ನಡೆದೀತು, ಹೊರಗೆ ಹೇಳಿದರೆ ನಕ್ಕಾರು.

ಇದೇ ಆಲ್ಬಮ್ಮಿನಲ್ಲಿ ಇದರ ಹಿಂದೆಯೇ ಕೂತಿರುವ 'ಸಮ್‌ವನ್ ಗ್ರೇಟ್' ಹಾಡಿನೊಂದಿಗೆ ಇಟ್ಟು ನೋಡಿ. ಅಲ್ಲಿ ಒಬ್ಬರು ಸತ್ತಿದ್ದಾರೆ. ಯಾರೆಂದು ಹಾಡು ಹೇಳುವುದಿಲ್ಲ, ಆದರೂ ಸಾವಿನ ಸುದ್ದಿ ಬಂದ ಹೊತ್ತು, ಅಂದಿನ ಸಣ್ಣಪುಟ್ಟ ವಿವರಗಳು ಎಷ್ಟು ನಿಖರವಾಗಿವೆಯೆಂದರೆ ಹೋದವರು ಒಬ್ಬ ನಿರ್ದಿಷ್ಟ ವ್ಯಕ್ತಿ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಆಲ್ಬಮ್ಮನ್ನು 2006ರಲ್ಲಿ ತೀರಿಕೊಂಡ ಮನೋಚಿಕಿತ್ಸಕ ಜಾರ್ಜ್ ಕಾಮೆನ್ ಅವರಿಗೆ ಅರ್ಪಿಸಲಾಗಿದೆ. ಬರೀ ಸಾಹಿತ್ಯವನ್ನು ತೂಗಿದರೆ 'ಸಮ್‌ವನ್ ಗ್ರೇಟ್' ಹೆಚ್ಚು ತೂಗುತ್ತದೆ. ಆದರೂ ಜನ ಮರುಳಾಗಿದ್ದು ಅದರ ಮುಂದಿನ ಹಾಡಿಗೆ. ಕಾರಣ ಮಾತಿನಲ್ಲಿ ಸಿಗದು, ಮತ್ತೆ ಪಿಯಾನೊದ ಬಳಿಗೇ ಹೋಗಬೇಕು. ಮಾತಿಗೆ ಗೆಳೆಯರನ್ನು ಕರೆತರಲಾಗಲಿಲ್ಲ, ಪಿಯಾನೊ ಅವರ ಗೈರನ್ನೇ ಕುಟ್ಟಿ ಕುಟ್ಟಿ ಕೇಳಿಸುತ್ತದೆ. ಅದರ ಜೊತೆ ಪ್ರತಿಯೊಬ್ಬ ಕೇಳುಗನೂ ತನ್ನ ಕಳೆದುಹೋದವರ ಹೆಸರುಗಳನ್ನು ತುಂಬಿಕೊಳ್ಳುತ್ತಾನೆ. ಖಾಲಿ ಬಿಟ್ಟ ಜಾಗ ಇಲ್ಲಿ ಕವಿಯ ಜಾಣತನವೋ ಸೋಮಾರಿತನವೋ ಎಂದು ಕೇಳಿದರೆ ಸೋಮಾರಿತನವೆಂದೇ ಹೇಳುತ್ತೇನೆ, ಆದರೆ ಸಂಗೀತ ಅದನ್ನು ಉಳಿಸಿಕೊಂಡಿದೆ.

ಮತ್ತೆ ಮತ್ತೆ ಕೇಳುವುದರಿಂದ ಏನಾಗುತ್ತದೆ ಎಂಬುದರ ಬಗ್ಗೆ ಮನೋವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿದ್ದಾರೆ. ರಾಬರ್ಟ್ ಜಯೊಂಟ್ಸ್ 1968ರಲ್ಲಿ ತೋರಿಸಿದಂತೆ ಯಾವುದೇ ಆಗಲಿ ಪದೇ ಪದೇ ಎದುರಾದರೆ ಸಾಕು, ಅದರ ಮೇಲೆ ಒಲವು ಬೆಳೆಯುತ್ತದೆ. ಸಿನಿಮಾ ಹಾಡುಗಳ ಪ್ರಚಾರ ನಡೆಸುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಡಯಾನಾ ಡಾಯ್ಚ್ ಕಂಡುಕೊಂಡ ಸಂಗತಿ. 1995ರಲ್ಲಿ ತಮ್ಮದೇ ಮಾತಿನ ಧ್ವನಿಮುದ್ರಣ ತಿದ್ದುತ್ತಿದ್ದಾಗ ಒಂದು ತುಣುಕು ಸುತ್ತು ಸುತ್ತು ಮೊಳಗುವಂತೆ ಬಿಟ್ಟರು. ಕೊಂಚ ಹೊತ್ತಿಗೆ ಸಾದಾ ಮಾತು ಹಾಡಾಗಿ ಕೇಳಿಸತೊಡಗಿತು. ಧ್ವನಿಯಲ್ಲಿ ಏನೂ ಬದಲಾಗಿರಲಿಲ್ಲ, ಬದಲಾದದ್ದು ಕಿವಿ. 'ಆಲ್ ಮೈ ಫ್ರೆಂಡ್ಸ್' ಕೊನೆಯ ಒಂದು ನಿಮಿಷದಲ್ಲಿ ನಡೆಯುವುದು ಇದಕ್ಕೆ ತೀರಾ ಹತ್ತಿರ. ಯಾರು ಬೇಕಾದರೂ ಫೋನಿನಲ್ಲಿ ಕೇಳಬಹುದಾದ ಸಾದಾ ಪ್ರಶ್ನೆ, ಮರುಕಳಿಸಿ ಮರುಕಳಿಸಿ ಹಾಡಾಗುತ್ತದೆ. ಇಡೀ ಹಾಡನ್ನು ಮತ್ತೆ ಮತ್ತೆ ಹಾಕಿ ಕೇಳುವವರು ಹಾಡಿನೊಳಗಿನ ಕೆಲಸವನ್ನೇ ಹೊರಗಡೆ ಮುಂದುವರಿಸುತ್ತಿರುತ್ತಾರೆ. ಹಿಂದಿರುಗಲಾಗದ ಜಾಗಕ್ಕೆ ಹಿಂದಿರುಗುವ ಆಟ. ಈ ಗುಂಗಿಗೆ ಅರ್ಥವಿದೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಎಲ್ಲ ಗುಂಗಿಗೂ ಅರ್ಥವಿರುತ್ತದೆ ಎಂದಲ್ಲ. ಜಾಹೀರಾತಿನ ಜಿಂಗಲ್ಲೂ ತಲೆಯಲ್ಲಿ ಕೂತು ಕೊರೆಯುತ್ತದೆ.

ಹಾಡಿನ ಜೀವ ಎಲ್ಲಿದೆ ಎಂಬ ನನ್ನ ವಾದಕ್ಕೆ ಮರ್ಫಿಯೇ ಒಂದು ಪರೀಕ್ಷೆ ಏರ್ಪಡಿಸಿದ್ದಾರೆ ಎನ್ನಬಹುದು. 2007ರಲ್ಲಿ ಸಿಂಗಲ್ ಆಗಿ ಬಂದಾಗ ಅದರ ಜೊತೆ ಇದೇ ಹಾಡನ್ನು ಬೇರೆಯವರು ಹಾಡಿದ ಎರಡು ಆವೃತ್ತಿಗಳೂ ಬಂದವು. ಒಂದು ಗ್ಲಾಸ್ಗೋದ ಫ್ರಾನ್ಜ್ ಫರ್ಡಿನಾಂಡ್ ತಂಡದ್ದು. ಅಚ್ಚುಕಟ್ಟಾದ ತಂಡ, ಗಿಟಾರು ಚುರುಕಾಗಿದೆ, ಹಾಡುಗಾರ ಚೆನ್ನಾಗಿ ಹಾಡುತ್ತಾರೆ. ಮಾತು ಅದೇ, ಧಾಟಿ ಅದೇ, ಆದರೆ ಎಡವುವ ಪಿಯಾನೊ ಹೋದದ್ದೇ ತಡ, ಅದು ಯಾರೋ ಹಾಡಿದ ಇನ್ನೊಂದು ಒಳ್ಳೆಯ ರಾಕ್ ಹಾಡು. ಎರಡನೆಯದನ್ನು ಹಾಡಿದವರು ಯಾರು ಗೊತ್ತೆ? ಅದೇ ಜಾನ್ ಕೇಲ್. ಪಿಯಾನೊ ಕುಟ್ಟುವ ಪದ್ಧತಿಗೆ ಅಡಿಗಲ್ಲು ಹಾಕಿದವರು, ವೆಲ್ವೆಟ್ ಅಂಡರ್‌ಗ್ರೌಂಡಿನ ಮೊದಲ ಆಲ್ಬಮ್ ಬಂದು ಸರಿಯಾಗಿ ನಲವತ್ತು ವರ್ಷವಾದಾಗ, ತಮ್ಮಿಂದ ಹುಟ್ಟಿದ್ದನ್ನು ತಾವೇ ಹಾಡಿದ್ದಾರೆ. 1942ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದ ಕೇಲ್‌ಗೆ ಆಗ 65. ಮರ್ಫಿಯ ಬಾಯಲ್ಲಿ ಹಳಹಳಿಕೆಯಾಗಿದ್ದ ಮಾತು ಕೇಲ್ ಬಾಯಲ್ಲಿ ಲೆಕ್ಕಪತ್ರವಾಗುತ್ತದೆ. ಗೆಳೆಯರೆಲ್ಲಿ ಎಂದು 65ರವರು ಕೇಳಿದಾಗ ಕೆಲವರು ಎಲ್ಲಿಯೂ ಇಲ್ಲ ಎಂಬುದು ಉತ್ತರದ ಭಾಗ. ನಾನು ಮೇಲೆ ದೂರಿದ ಸಾಹಿತ್ಯದ ಬಡತನ ಈ ಆವೃತ್ತಿಯಲ್ಲಿ ಅಷ್ಟಾಗಿ ಕಾಡುವುದಿಲ್ಲ, ಹಾಡುವವರ ವಯಸ್ಸೇ ಅದನ್ನು ತುಂಬಿಕೊಟ್ಟಿದೆ. ಆದರೂ ಎರಡನೆಯ ಸಲ ಹಾಕಿ ಕೇಳಬೇಕೆನಿಸುವುದು ಮೂಲವನ್ನೇ.

ಹಾಡಿನ ಕೀರ್ತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ 2009ರಲ್ಲಿ ಆ ದಶಕದ 500 ಹಾಡುಗಳ ಪಟ್ಟಿ ಮಾಡಿದಾಗ ಇದಕ್ಕೆ ಎರಡನೆಯ ಸ್ಥಾನ ಕೊಟ್ಟಿತು, ಮೊದಲನೆಯದು ಔಟ್‌ಕಾಸ್ಟ್ ಜೋಡಿಯದು. ಪಟ್ಟಿಗಳಿಂದ ಹಾಡಿಗೆ ಏನೂ ಸಿಗುವುದಿಲ್ಲ, ಮರುಳಾದವರಿಗೆ ವಾದ ಗೆಲ್ಲಲು ಒಂದು ಚೀಟಿ ಸಿಗುತ್ತದೆ.

ಹಾಡಿಗೆ ನಿಜವಾಗಿ ಪೆಟ್ಟು ಕೊಟ್ಟಿದ್ದು ಅದರ ಯಶಸ್ಸೇ. 2011ರ ಏಪ್ರಿಲ್ 2ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮರ್ಫಿ ತಂಡಕ್ಕೆ ವಿದಾಯ ಹೇಳಿ ಸುಮಾರು ನಾಲ್ಕು ಗಂಟೆಯ ಕಛೇರಿ ಕೊಟ್ಟರು. ಮರುವರ್ಷ ಅದರ ಸುತ್ತ 'ಷಟ್ ಅಪ್ ಅಂಡ್ ಪ್ಲೇ ದ ಹಿಟ್ಸ್' ಎಂಬ ಸಾಕ್ಷ್ಯಚಿತ್ರವೂ ಬಂತು. ಮುಗಿಯುವ ತಂಡ, ಚದುರುವ ಗೆಳೆಯರು ಎಂಬ ಹಿನ್ನೆಲೆಯಲ್ಲಿ ಈ ಹಾಡಿಗೆ ಆ ರಾತ್ರಿ ಸಿಕ್ಕ ಬಿಗಿ ಮತ್ತೆ ಸಿಗುವಂಥದ್ದಲ್ಲ. 2015ರ ಕೊನೆಗೆ ತಂಡ ಮತ್ತೆ ಕೂಡಿತು. ವಿದಾಯಕ್ಕೆಂದು ದೂರದಿಂದ ಬಂದು ಅತ್ತವರಲ್ಲಿ ಕೆಲವರು ಸಿಟ್ಟಾದರು, 2016ರ ಜನವರಿಯಲ್ಲಿ ಮರ್ಫಿ ಅವರಿಗಾಗಿ ಉದ್ದದ ಸಮಜಾಯಿಷಿ ಬರೆದರು. ನನಗೆ ಆ ಸಿಟ್ಟಿನಲ್ಲಿ ಪಾಲಿಲ್ಲ, ಗೆಳೆಯರು ಮತ್ತೆ ಕೂಡಿದರೆ ದೂರುವುದೇಕೆ? ಆದರೆ ಈಗಿನ ಕಛೇರಿಗಳಲ್ಲಿ ಸಾವಿರಾರು ಜನ ತೋಳಿಗೆ ತೋಳು ಬೆಸೆದು ಕೊನೆಯ ಸಾಲನ್ನು ಸುಖವಾಗಿ ಕೂಗುವುದನ್ನು ನೋಡಿದರೆ ಹಾಡು ತನ್ನ ಅರ್ಥಕ್ಕೆ ಬೆನ್ನು ತಿರುಗಿಸಿದಂತಿದೆ. ಗೆಳೆಯರು ಪಕ್ಕದಲ್ಲೇ ನಿಂತಿರುವಾಗ ಅವರು ಎಲ್ಲಿ ಎಂದು ಕೇಳುವುದು ಹಬ್ಬವಾಗುತ್ತದೆ, ಹಂಬಲವಾಗುವುದಿಲ್ಲ. ಮೈದಾನದ ಗದ್ದಲದಲ್ಲಿ ಪಿಯಾನೊದ ಆ ಕೂದಲೆಳೆಯ ವ್ಯತ್ಯಾಸವಂತೂ ಕೇಳಿಸುವುದೇ ಇಲ್ಲ.

ಹಾಗಾಗಿ ನನ್ನ ತೀರ್ಪು ಹೀಗಿದೆ. 'ಆಲ್ ಮೈ ಫ್ರೆಂಡ್ಸ್' ಸಾಧಾರಣ ಕವಿತೆ, ಅಸಾಧಾರಣ ಹಾಡು. ಕಳೆದ ಇಪ್ಪತ್ತೈದು ವರ್ಷಗಳ ಇಂಡೀ ರಾಕ್‌ನಲ್ಲಿ ವಾದ್ಯವೊಂದು ಮಾತಿಗಿಂತ ಹೆಚ್ಚು ನಿಜ ನುಡಿದ ನಿದರ್ಶನ ಇಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಮೊದಲ ಸಲ ಕೇಳುವವರಲ್ಲಿ ಒಂದು ಕೋರಿಕೆ: ಸಿಂಗಲ್ಲಿಗೆಂದು ಕತ್ತರಿಸಿದ ಚಿಕ್ಕ ಆವೃತ್ತಿ ಬೇಡ, ಕಛೇರಿಯ ವಿಡಿಯೊ ಸದ್ಯಕ್ಕೆ ಬೇಡ. 'ಸೌಂಡ್ ಆಫ್ ಸಿಲ್ವರ್' ಆಲ್ಬಮ್ಮಿನ ನಾಲ್ಕನೆಯ ಹಾಡಿನಿಂದ ಶುರುಮಾಡಿ ಐದನೆಯದಾದ ಇದಕ್ಕೆ ಬನ್ನಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಮಾತಿನ ಅರ್ಥಕ್ಕೆ ಕಿವಿಗೊಡುವುದನ್ನು ಎರಡನೆಯ ಸುತ್ತಿಗೆ ಇಟ್ಟುಕೊಳ್ಳಿ.